ಬೆನ್ನಿನಿಂದ ನುಡಿದ ಪೇಟಿ

ಹಿರೇಹಡಗಲಿ ಕಡೆಯಿಂದ ಬಂದ ಬಸ್ಸಿನ ಟಾಪಿನಿಂದ ಮೊದಲು ಪೇಟಿ ಇಳಿಯಿತು, ಆಮೇಲೆ ಬಾಗಿಲಿನಿಂದ ಮಾಸ್ತರು ಇಳಿದರು. ಕೊಟ್ಟೂರು ಬಸ್ ನಿಲ್ದಾಣದ ಎದುರಿನ ನನ್ನ ಅಂಗಡಿಯಲ್ಲಿ ಸ್ಟೋವಿನ ಪಂಪು ಬಿಚ್ಚಿಕೊಂಡು ಕೂತಿದ್ದ ನಾನು ಹಾಗೇ ಎದ್ದು ನಿಂತೆ. ಅವರ ಕಂಕುಳಲ್ಲಿ ಊರುಗೋಲು, ಪಂಚೆಯ ಕೆಳಗೆ ಒಂದೇ ಚಪ್ಪಲಿ. ಸಕ್ಕರೆ ಕಾಯಿಲೆಯಿಂದಾಗಿ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು ಎಂಬ ಸುದ್ದಿ ನನಗೆ ಮುಟ್ಟಿತ್ತು. ಆದರೆ ಕೇಳುವುದೇ ಬೇರೆ, ನೋಡುವುದೇ ಬೇರೆ. ಪ್ರತಿ ವರ್ಷ ರಿಪೇರಿಗೆಂದು ಪೇಟಿಯನ್ನು ತಾವೇ ಹೆಗಲ ಮೇಲೆ ಹೊತ್ತು, ದೂರದಿಂದಲೇ ನನ್ನನ್ನು ಕೂಗುತ್ತ ಬರುತ್ತಿದ್ದ ಮನುಷ್ಯ. ಈ ಸಲ ಹಮಾಲಿ ಪೇಟಿ ಹೊತ್ತು ಮುಂದೆ ಬಂದ, ಮಾಸ್ತರು ಸುಮ್ಮನೆ ಅವನ ಹಿಂದೆ ಬಂದರು.

ಪೇಟಿ ಎಂದರೆ ಹಾರ್ಮೋನಿಯಂ. ಮಾಸ್ತರದು ಕಾಲುಪೇಟಿ, ಸೊಂಟದೆತ್ತರದ ಮಡಚುವ ಸ್ಟ್ಯಾಂಡಿನ ಮೇಲೆ ಕೂತು, ಕೆಳಗಿನ ಮೆಟ್ಟು ತುಳಿದರೆ ಗಾಳಿ ತುಂಬಿಕೊಳ್ಳುವಂಥದ್ದು. ಗಾಳಿ ಕಾಲಿನದಾದ್ದರಿಂದ ಎರಡೂ ಕೈ ಸ್ವರದ ಮನೆಗಳ ಮೇಲೆ, ಅಂದರೆ ಬಿಳಿ ಕಪ್ಪು ಪಟ್ಟಿಗಳ ಮೇಲೆ, ಆಡುತ್ತವೆ. ನಮ್ಮ ಕಡೆ ಹಳ್ಳಿ ನಾಟಕ ಆಡಬೇಕೆಂದರೆ ಊರವರು ಮೊದಲು ಪೇಟಿ ಮಾಸ್ತರನ್ನು ಗೊತ್ತು ಮಾಡುತ್ತಾರೆ. ಹಿರಿಯರು ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟರೆ ಮಾಸ್ತರು ಆ ಊರಿನಲ್ಲೇ ಉಳಿದು, ಒಕ್ಕಲುತನ ಮಾಡುವವರಿಗೆ ರಾಜನ ಮಾತು, ರಾಣಿಯ ಹಾಡು ಎಲ್ಲ ಕಲಿಸುತ್ತಾರೆ. ನಮ್ಮ ಮಾಸ್ತರು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಬದುಕು ಮಾಡಿದ್ದು ಈ ವೀಳ್ಯದ ಮೇಲೆಯೇ.

ಬೆಂಚಿನ ಮೇಲೆ ಕೂತು ಉಸಿರು ತಿರುಗಿಸಿಕೊಂಡು ಅವರು ಹೇಳಿದರು: “ತಮ್ಮಾ, ತೆಲಿಗಿಯವ್ರು ಈ ವರ್ಷ ನಾಟಕ ಇಟ್ಕೊಂಡಾರ. ವೀಳ್ಯ ನನಗ ಕೊಡಬೇಕೋ ಬ್ಯಾಡೋ ಅಂತ ಕುಂತಾರ. ಕೀಬೋರ್ಡ್ ಬಾರ್ಸೋ ಹುಡುಗ ಒಬ್ಬ ಹರಪನಹಳ್ಳ್ಯಾಗ ಅದಾನ, ಅವನ್ನ ಕರ್ಸೋಣು ಅಂತ ಅರ್ಧ ಮಂದಿ. ಈ ಸಲ ನನಗ ವೀಳ್ಯ ತಪ್ಪಿತಂದ್ರ ಮುಂದ ಯಾವ ಊರವ್ರೂ ನನ್ನ ಬಾಗಲಿಗೆ ಬರಂಗಿಲ್ಲ.”

“ಇನ್ನೊಂದು ಕಾಲಿಲೆ ತುಳಿಯಾಕ ಬರಂಗಿಲ್ಲೇನ್ರಿ?” ಎಂದೆ.

“ಅದರ ಮ್ಯಾಲೂ ಜೋರು ಹಾಕಬ್ಯಾಡ ಅಂದಾರ ಡಾಕ್ಟ್ರು. ಕೈ ಎರಡೂ ಗಟ್ಟಿ ಅದಾವು. ಗಾಳಿ ಒಂದು ಬೇಕು ನೋಡು.”

ಗಾಳಿ ಎಂದರೆ ನನ್ನ ಹೊಟ್ಟೆಪಾಡು. ಸ್ಟೋವು, ಗ್ಯಾಸ್‌ಲೈಟು, ಪೇಟಿ: ನನ್ನ ಅಂಗಡಿಗೆ ಬರುವುದೆಲ್ಲ ಗಾಳಿ ನಿಲ್ಲದೆ ಕೆಟ್ಟ ಸಾಮಾನು. ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಕೆನ್ನೆ ಹತ್ತಿರ ಹಿಡಿದೇ ಹೇಳಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಆ ಜಂಬದಲ್ಲೇ “ಆತು ಬಿಡ್ರಿ ಮಾಸ್ತರ್ರ, ಮಾಡೋಣು” ಎಂದುಬಿಟ್ಟೆ. ಮಾಸ್ತರು ಊರಲ್ಲೇ ಇದ್ದ ತಂಗಿಯ ಮನೆಯಲ್ಲಿ ಉಳಿದುಕೊಂಡರು. ಬೆಳಿಗ್ಗೆ ಉಂಡು ಬಂದರೆ ಸಂಜೆಯವರೆಗೆ ನನ್ನ ಅಂಗಡಿಯ ಗೋಡೆಗೆ ಒರಗಿ ಕೂತಿರುತ್ತಿದ್ದರು.

ಮೊದಲು ಸುಲಭದ ದಾರಿ ಹಿಡಿದೆ. ಮೆಟ್ಟು ತೆಗೆದು ಅಲ್ಲೊಂದು ಹಿಡಿಕೆ ಕೂರಿಸಿದೆ. ಇನ್ನೊಬ್ಬರು ಪಕ್ಕದಲ್ಲಿ ಕೂತು ಅದನ್ನು ಜಗ್ಗಿದರೆ ಗಾಳಿ ತುಂಬುತ್ತದೆ, ಮಾಸ್ತರು ಬಾರಿಸಿಕೊಂಡು ಹೋಗುತ್ತಾರೆ ಎಂದು ಲೆಕ್ಕ. ಜಗ್ಗಲು ನಾನೇ ಕೂತೆ. ಅವರು ಒಂದು ದುಃಖದ ಪದ ಎತ್ತಿಕೊಂಡರು. ಅವರು ಮೆಲ್ಲಗೆ ಇಳಿಸುವಲ್ಲಿ ಪೇಟಿ ಬೊಬ್ಬೆ ಹೊಡೆಯಿತು, ಎತ್ತಿ ಹಿಡಿಯುವಲ್ಲಿ ಉಸಿರು ಬಿಟ್ಟಿತು. ನಾನು ಬೆವರು ಸುರಿಸಿಕೊಂಡು ಜಗ್ಗಿದಷ್ಟೂ ಕೆಟ್ಟಿತು.

ಮಾಸ್ತರು ಕೈ ತೆಗೆದು ನನ್ನ ಮುಖ ನೋಡಿದರು. “ಲೇ, ನಾನು ಅಳೋ ಪದ ಬಾರ್ಸಿದ್ರ ನೀನು ಕುಸ್ತಿ ಹಿಡಿಯಾಕ ಹತ್ತೀಯಲ್ಲ!”

ಜಗ್ಗುವವನ ಮೇಲೆ ನಂಬಿಕೆ ಇಡಬಾರದು ಎಂದುಕೊಂಡು ಯಂತ್ರದ ಮೇಲೆ ಇಟ್ಟೆ. ಪರಿಚಯದ ಕಮ್ಮಾರ ಒಬ್ಬ ಕುಲುಮೆಗೆ ಗಾಳಿ ಹಾಕಲು ಮೋಟಾರಿನ ಬ್ಲೋವರ್ ಇಟ್ಟುಕೊಂಡಿದ್ದ. ಅದನ್ನು ಬೇಡಿ ತಂದು ಪೇಟಿಗೆ ಜೋಡಿಸಿ ಸ್ವಿಚ್ ಹಾಕಿದರೆ, ಹಿಟ್ಟಿನ ಗಿರಣಿಯಲ್ಲಿ ಕೂತು ಹಾಡು ಕೇಳಿದ ಹಾಗಾಯಿತು. ಬ್ಲೋವರನ್ನು ಗೋಡೆಯಾಚೆ ಇಟ್ಟು, ಪೈಪು ಎಳೆದು ಸದ್ದು ತಗ್ಗಿಸಿದೆ. ಈಗ ಗಾಳಿ ಒಂದೇ ಸಮ ಬಂತು, ಎಲ್ಲೂ ಕೊರತೆ ಇಲ್ಲ. ಆದರೂ ಮಾಸ್ತರ ಮುಖ ಅರಳಲಿಲ್ಲ. ಬಾರಿಸಿದ್ದು ಅವರೇ, ಬೆರಳು ಅವರವೇ. ಹೊರಟ ನಾದ ಮಾತ್ರ ಯಾರದೋ. ಚಹಾ ತಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನಿಂತು ಕೇಳಿದಳು.

“ಕರೆಂಟ್ ಹೋತಂದ್ರ ನಾಟಕದ ರಾಜ ಬಾಯಿ ತಕ್ಕೊಂಡು ನಿಂದ್ರಬೇಕೇನ್ರಿ?” ಎಂದಳು.

ಆಗಿನ ದಿನಗಳಲ್ಲಿ ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅವಳ ಮಾತು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು. ಬ್ಲೋವರ್ ಬಿಚ್ಚಿ ಕಮ್ಮಾರನಿಗೆ ವಾಪಸು ಕೊಟ್ಟು ಬಂದೆ.

ಮರುದಿನ ಏನೂ ತೋಚದೆ ಪೇಟಿಯನ್ನು ಬುಡದಿಂದ ಬಿಚ್ಚಲು ಕೂತೆ. ರಿಪೇರಿಗೆ ಬಿಚ್ಚುವುದು ಬೇರೆ; ಆಗ ಕಣ್ಣು ಕೆಟ್ಟ ಜಾಗವನ್ನಷ್ಟೇ ಹುಡುಕುತ್ತದೆ. ಈ ಸಲ ಕೆಡದೇ ಇದ್ದದ್ದನ್ನು ನೋಡುತ್ತ ಹೋದೆ. ಕೆಳಗೆ ಮೆಟ್ಟಿನಿಂದ ಆಡುವ ತಿದಿ, ಮಡಿಕೆ ಮಡಿಕೆಯ ಚರ್ಮದ ಗಾಳಿಚೀಲ. ಅದು ಮೇಲಿನ ಇನ್ನೊಂದು ದೊಡ್ಡ ತಿದಿಗೆ ಗಾಳಿ ತಳ್ಳುತ್ತದೆ. ಆ ದೊಡ್ಡದು ಗಾಳಿಯ ಉಗ್ರಾಣ. ಸ್ಪ್ರಿಂಗುಗಳು ಅದನ್ನು ಮೇಲಿನಿಂದ ಒತ್ತಿ ಹಿಡಿದು, ಗಾಳಿಯನ್ನು ಒಂದೇ ಸಮನಾಗಿ ಸ್ವರಗಳ ಹಿತ್ತಾಳೆ ನಾಲಗೆಗಳತ್ತ ಕಳಿಸುತ್ತವೆ. ಮಾಸ್ತರ ಪೇಟಿಯಲ್ಲಿ ಒಂದು ಸ್ಪ್ರಿಂಗ್ ಇರಲಿಲ್ಲ. ಇರುವುದೇ ಇಲ್ಲ. ಪ್ರತಿ ವರ್ಷ ನಾನು ಹೊಸದು ಹಾಕಿ ಕಳಿಸುತ್ತಿದ್ದೆ, ಮರುವರ್ಷ ಬಂದಾಗ ಅದು ನಾಪತ್ತೆ. ಧೂಳಿನ ದಾರಿಯಲ್ಲಿ ಕುಲುಕಾಡಿ ಕಳಚುತ್ತದೆ ಎಂದು ನಾನು ಸುಮ್ಮನಿರುತ್ತಿದ್ದೆ.

“ಮಾಸ್ತರ್ರ, ಇಲ್ಲಿ ಸ್ಪ್ರಿಂಗು ನೀವ ಕೀಳ್ತೀರೇನು?”

ಅವರು ನಕ್ಕರು. ಕಾಲು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ಮತ್ತ್ಯಾರು ಕೀಳ್ತಾರ? ಅದು ಇದ್ರ ಗಾಳಿ ಪೇಟಿ ಮಾತು ಕೇಳತೈತಿ. ಇಲ್ಲಂದ್ರ ನನ್ನ ಮಾತು ಕೇಳತೈತಿ.”

ಸ್ಪ್ರಿಂಗಿನ ಬಿಗಿ ಕಡಿಮೆಯಾದರೆ ತುಳಿತದ ಏರಿಳಿತ ಉಗ್ರಾಣದಲ್ಲಿ ಕರಗುವುದಿಲ್ಲ, ನೇರ ಸ್ವರಕ್ಕೇ ಮುಟ್ಟುತ್ತದೆ. ಅಂದರೆ ಇಷ್ಟು ವರ್ಷ ಆ ಕಾಲು ಬರೀ ಗಾಳಿ ತುಂಬುತ್ತಿರಲಿಲ್ಲ, ಕೈಗಳ ಜೊತೆ ತಾನೂ ಹಾಡುತ್ತಿತ್ತು. ನಾನು ಜಗ್ಗಿದಾಗ ಕೆಟ್ಟದ್ದು ಯಾಕೆ, ಬ್ಲೋವರಿನಲ್ಲಿ ನಾದ ಸತ್ತದ್ದು ಯಾಕೆ ಎಂದು ಒಂದೇ ಏಟಿಗೆ ತಿಳಿಯಿತು. ಆ ಖುಷಿಗೆ ಎದ್ದು ಒಂದು ಬೀಡಿ ಹಚ್ಚಿದೆ. ಹಚ್ಚಿದ ಮೇಲೆ ಹೊಳೆಯಿತು, ತಿಳಿದದ್ದರಿಂದ ಕೆಲಸ ಇನ್ನೂ ಕಷ್ಟವಾಗಿದೆ ಎಂದು. ಗಾಳಿ ಎಲ್ಲಿಂದಲೋ ತರಬಹುದು. ಹಾಡು ಬಲ್ಲ ಕಾಲನ್ನು ಎಲ್ಲಿಂದ ತರುವುದು?

ಮೆಟ್ಟಿಗೆ ಬದಲಿ ಹುಡುಕುವುದನ್ನು ಅಲ್ಲಿಗೆ ಬಿಟ್ಟೆ. ಮಾಸ್ತರ ಮೈಯಲ್ಲಿ ಕಾಲಲ್ಲದೆ ಇನ್ನಾವುದು ಹಾಡಿನ ಜೊತೆ ಆಡುತ್ತದೆ ಎಂದು ನೋಡಬೇಕೆನಿಸಿತು. ಪೇಟಿ ಇಲ್ಲದೆ ಸುಮ್ಮನೆ ಹಾಡಿ ಎಂದೆ. ಅವರು ಬೆಂಚಿನ ಮೇಲೆ ಕೂತು, ಮುಂದಿನ ಮೇಜನ್ನೇ ಪೇಟಿ ಮಾಡಿಕೊಂಡು ಬೆರಳಾಡಿಸುತ್ತ ಹಾಡಿದರು. ನಾನು ಮೊಣಕೈ ನೋಡಿದೆ, ಭುಜ ನೋಡಿದೆ, ಉಳಿದ ಕಾಲಿನ ತೊಡೆ ನೋಡಿದೆ. ಏನೂ ಸಿಗಲಿಲ್ಲ. ಹಾಡು ಮುಗಿಸಿ ಅವರು ಊರುಗೋಲು ಹಿಡಿದು ಎದ್ದು ತಿರುಗಿದಾಗ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

“ಮಾಸ್ತರ್ರ, ನಮ್ಮ ಗ್ವಾಡಿ ಸುಣ್ಣೆಲ್ಲ ನಿಮ್ಮ ಅಂಗಿಗೆ ಬಂತಲ್ರಿ!”

ಅಂಗಿಯ ಬೆನ್ನೆಲ್ಲ ಬೆಳ್ಳಗಾಗಿತ್ತು. ಗೋಡೆ ನೋಡಿದರೆ ಅವರು ಕೂತ ಜಾಗದಲ್ಲಿ ಸುಣ್ಣ ಸವೆದು ಮಣ್ಣು ಕಾಣುತ್ತಿತ್ತು. ಅವರನ್ನು ಮತ್ತೆ ಕೂರಿಸಿ ಹಾಡಿಸಿದೆ. ಈಗ ಕಂಡಿತು. ದನಿ ಎತ್ತುವಾಗ ಅವರ ಬೆನ್ನು ಗೋಡೆಯನ್ನು ಒತ್ತುತ್ತದೆ, ಇಳಿಸುವಾಗ ಮುಂದೆ ಬಾಗುತ್ತದೆ. ದೊಡ್ಡ ತಾನಕ್ಕೆ ದೊಡ್ಡ ಒತ್ತು, ಸಣ್ಣ ತಿರುವಿಗೆ ಸಣ್ಣದು. ಕಾಲಿಗೆ ಗೊತ್ತಿದ್ದದ್ದೆಲ್ಲ ಬೆನ್ನಿಗೂ ಗೊತ್ತಿತ್ತು. ಬೆನ್ನಿನ ಒತ್ತಿಗೆ ಗಾಳಿ ತುಂಬಿಕೊಳ್ಳುವ ಪೇಟಿ! ಅಂಥ ಪೇಟಿಯನ್ನು ನಾನು ಎಲ್ಲೂ ನೋಡಿರಲಿಲ್ಲ, ನೋಡಿದವರನ್ನೂ ಕಂಡಿರಲಿಲ್ಲ. ಆದರೂ ಅದನ್ನು ಕಟ್ಟಬಲ್ಲೆ ಎಂದು ಆ ಗಳಿಗೆಯಲ್ಲಿ ಗಟ್ಟಿಯಾಗಿ ಅನ್ನಿಸಿತು.

ಗುಜರಿಯಿಂದ ಸಾಗವಾನಿಯ ಹಳೆಯ ಕುರ್ಚಿ ತಂದು ಅದರ ಬೆನ್ನುಹಲಗೆ ಕೊಯ್ದು, ಬುಡಕ್ಕೆ ಕೀಲು ಕೂರಿಸಿದೆ. ಈಗ ಹಲಗೆ ಹಿಂದಕ್ಕೂ ಮುಂದಕ್ಕೂ ವಾಲುತ್ತಿತ್ತು. ಅದರ ಹಿಂದೆ ಒಂದು ತಿದಿ ಕಟ್ಟಿದರೆ ಬೆನ್ನು ಒತ್ತಿದಾಗ ಗಾಳಿ ಹೊರಡುತ್ತದೆ, ಸರಿ. ಬೆನ್ನು ಮುಂದೆ ಬಂದಾಗ? ಆಗ ಕಮ್ಮಾರರ ಹಳೆಯ ಕುಲುಮೆ ನೆನಪಾಯಿತು. ಅಲ್ಲಿ ಜೋಡಿ ತಿದಿ ಇರುತ್ತವೆ, ಒಂದು ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ಳುತ್ತದೆ, ಬೆಂಕಿಗೆ ಗಾಳಿ ತಪ್ಪುವುದಿಲ್ಲ. ನಾನೂ ಜೋಡಿ ಕಟ್ಟಿದೆ. ಒಂದು ಬೆನ್ನಿನ ಒತ್ತಿಗೆ ಮುಚ್ಚಿಕೊಳ್ಳುತ್ತದೆ; ಅದೇ ಒತ್ತಿಗೆ ತೆರೆದುಕೊಳ್ಳುವ ಇನ್ನೊಂದನ್ನು, ಬೆನ್ನು ಮುಂದೆ ಬಂದಾಗ ಸ್ಪ್ರಿಂಗು ಮುಚ್ಚುತ್ತದೆ. ಸ್ಪ್ರಿಂಗು ಸೈಕಲ್ ಸೀಟಿನವು. ಕೂಡ್ಲಿಗಿ ಸಂತೆಯಿಂದ ಮೇಕೆಯ ತೆಳು ಚರ್ಮ ತಂದೆ. ಮಡಿಕೆಗಳನ್ನು ನನ್ನ ಹೆಂಡತಿ ಹೊಲಿದಳು, ನಾನು ಸರೇಸು ಕಾಯಿಸಿ ಅಂಟಿಸಿದೆ. ಅಂಗಡಿಯೆಲ್ಲ ಸರೇಸಿನ ನಾತ ಹಿಡಿದು, ಸ್ಟೋವು ತಂದ ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಗೇ ನಿಂತು ಮಾತಾಡುತ್ತಿದ್ದರು.

ಕುರ್ಚಿಯಿಂದ ಪೇಟಿಗೆ ಗಾಳಿ ಒಯ್ಯಲು ಔಷಧಿ ಹೊಡೆಯುವ ಪಂಪಿನ ರಬ್ಬರ್ ಪೈಪು ಹಾಕಿದೆ. ಮಾಸ್ತರು ಕೂತು ಬೆನ್ನು ಒತ್ತಿದರು. ನಾದ ಬಂತು, ಆದರೆ ಕರೆದು ಸ್ವಲ್ಪ ಹೊತ್ತಿಗೆ ಬಂದ ಆಳಿನ ಹಾಗೆ ಬಂತು. ಅವರ ಬೆನ್ನು ಮುಂದಿನ ಸಾಲಿಗೆ ಹೋಗಿರುತ್ತಿತ್ತು, ಪೇಟಿ ಹಿಂದಿನ ಸಾಲಿನ ಜೋರು ತೋರಿಸುತ್ತಿತ್ತು. ತಿದಿ ಸೋರುತ್ತಿದೆಯೆಂದು ಮಡಿಕೆ ಮಡಿಕೆಗೂ ಊದಿನಕಡ್ಡಿ ಹಿಡಿದು ನೋಡಿದೆ. ಹೊಗೆ ಎಲ್ಲೂ ಅಲುಗಲಿಲ್ಲ. ತಪ್ಪು ಪೈಪಿನದು. ಸಣ್ಣ ಕೊಳವೆಯಲ್ಲಿ ಗಾಳಿ ನುಗ್ಗಲು ಸೆಣಸಾಡುತ್ತದೆ. ಸ್ಟೋವಿಗೆ ಅದು ನಡೆಯುತ್ತದೆ, ಹಾಡಿಗೆ ನಡೆಯುವುದಿಲ್ಲ. ಪೈಪು ಕಿತ್ತು, ಕುರ್ಚಿಯ ಆಸನದ ಕೆಳಗೆ ಅಂಗೈಯಗಲದ ಹಲಗೆಯ ಗಾಳಿ ದಾರಿ ಮಾಡಿ ನೇರ ಪೇಟಿಯ ಉಗ್ರಾಣಕ್ಕೆ ಕೂಡಿಸಿದೆ. ಕುರ್ಚಿಯೂ ಪೇಟಿಯೂ ಒಂದೇ ಸಾಮಾನಾಯಿತು. ಉಗ್ರಾಣದಲ್ಲಿ ಮಾಸ್ತರು ಸ್ಪ್ರಿಂಗ್ ಕಿತ್ತ ಜಾಗವನ್ನು ಮಾತ್ರ ಖಾಲಿಯೇ ಬಿಟ್ಟೆ.

ಈ ಸಲ ಮಾಸ್ತರು ಒಂದೇ ಒಂದು ಮನೆ ಒತ್ತಿ, ನಿಧಾನಕ್ಕೆ ಹಿಂದೆ ಒರಗಿದರು. ನಾದ ಅವರ ಜೊತೆಗೇ ಅರಳಿತು. ಮುಂದೆ ಬಾಗಿದರು, ಜೊತೆಗೇ ತಗ್ಗಿತು. ಮತ್ತೆ ಒರಗಿದರು. ಎರಡೂ ಕೈ ಹರಿಯಬಿಟ್ಟು ಬಾರಿಸುತ್ತಲೇ ಹೋದರು. ಬಸ್ಸಿಗೆ ಕಾಯುತ್ತಿದ್ದವರು ಬಂದು ಅಂಗಡಿ ಮುಂದೆ ನಿಂತರು. ನಾನು ಕಟ್ಟಿದ್ದು ಇದು, ಎಂದು ಒಬ್ಬೊಬ್ಬರ ಭುಜ ಹಿಡಿದು ಹೇಳಬೇಕೆನಿಸಿತು. ಇಬ್ಬರು ಮೂವರಿಗೆ ಹೇಳಿಯೂ ಹೇಳಿದೆ.

ತೆಲಿಗಿಗೆ ಟೆಂಪೋದಲ್ಲಿ ಒಯ್ದೆವು. ಗುಡಿಯ ಕಟ್ಟೆಯ ಮೇಲೆ ಊರವರು ಸೇರಿದ್ದರು. ಮಾಸ್ತರು ಬಾರಿಸುವುದನ್ನು ಕೇಳಿ ಆಮೇಲೆ ವೀಳ್ಯದ ಮಾತು ಎಂದಾಗಿತ್ತು. ಬಾರಿಸುವ ಮುನ್ನ ಪೇಟಿಗೆ ಪೂಜೆಯಾಗಬೇಕು, ಅದು ನಮ್ಮ ಕಡೆ ತಪ್ಪಿದ್ದಲ್ಲ. ವೀಳ್ಯ ಕೊಡಬೇಕಾದ ಗೌಡರೇ ಮುಂದೆ ಬಂದು, ಹೊಸ ಸಾಮಾನೆಂದು ತುಸು ಧಾರಾಳವಾಗಿಯೇ ವಿಭೂತಿ ಪುಡಿ ಹಚ್ಚಿದರು. ಪೇಟಿಗೆ ಹಚ್ಚಿದರು, ಕುರ್ಚಿಯ ಕೈಗಳಿಗೆ ಹಚ್ಚಿದರು, ಬೆನ್ನುಹಲಗೆಯ ಹಿಂದೆ ತಿದಿಗಳ ಮೇಲೂ ಮೂರು ಬೆರಳು ಎಳೆದರು. ಕಾಯಿ ಒಡೆದರು. ಮಾಸ್ತರು ಕೂತು ಒರಗಿದರು, ಪೇಟಿ ಚೆನ್ನಾಗಿಯೇ ಎತ್ತಿಕೊಂಡಿತು. ನಾಂದಿ ಪದ ಮೇಲಕ್ಕೆ ಹತ್ತುತ್ತಿದ್ದಂತೆ ಒಂದು ಸ್ವರ ಮೂಕವಾಯಿತು, ಆಮೇಲೆ ಇನ್ನೊಂದು. ಮೇಲಿನ ಸಣ್ಣ ಮನೆಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿದವು.

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. “ಪೂಜಿ ಆದಕೂಡ್ಲೆ ದನಿ ಹೋತು ನೋಡ್ರಿ. ಶಕುನ ಚಲೋ ಇಲ್ಲ” ಎಂದ ಒಬ್ಬ. “ಕೀಬೋರ್ಡಿಗೆ ಇಂಥ ಗದ್ಲಿಲ್ಲ” ಎಂದ ಇನ್ನೊಬ್ಬ. ಮಾಸ್ತರು ಕೈಗಳನ್ನು ಮಡಿಲಿಗೆ ತೆಗೆದುಕೊಂಡು ನೆಲ ನೋಡುತ್ತ ಕೂತರು.

ಅಲ್ಲೇ ಮೇಲ್ಮುಚ್ಚಳ ತೆಗೆದು, ಸತ್ತ ಸ್ವರವೊಂದರ ಹಿತ್ತಾಳೆ ನಾಲಗೆ ಬಿಚ್ಚಿ ಬೆಳಕಿಗೆ ಹಿಡಿದೆ. ನಾಲಗೆಯ ಅಂಚಿನ ಕೂದಲೆಳೆಯಷ್ಟು ಸಂದಿಯಲ್ಲಿ ಬೂದಿ ಕೂತಿತ್ತು. ತಿದಿ ಉಸಿರೆಳೆಯುವ ಕಿಂಡಿಯನ್ನು ನಾನು ಬೆನ್ನುಹಲಗೆಯ ಹಿಂದೆ, ಕೊರೆಯಲು ಸುಲಭವಾದ ಜಾಗದಲ್ಲಿ ಇಟ್ಟಿದ್ದೆ. ಸರಿಯಾಗಿ ಅಲ್ಲಿಗೇ ಗೌಡರ ವಿಭೂತಿ ಬಿದ್ದಿತ್ತು. ಕಾಲುಪೇಟಿಯ ಕಿಂಡಿ ಯಾವಾಗಲೂ ಅಡಿಯಲ್ಲಿ, ನೆಲಕ್ಕೆ ಮುಖ ಮಾಡಿರುತ್ತದೆ. ನೂರಾರು ಸಲ ನೋಡಿದ್ದೆ. ಯಾಕೆ ಅಲ್ಲಿ ಇಟ್ಟರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬೂದಿಯಾಗಲಿ ಧೂಳಾಗಲಿ ಮೇಲಿನಿಂದ ಬೀಳುತ್ತದೆ ಎಂಬುದು ಅದನ್ನು ಕಟ್ಟಿದವನಿಗೆ ಗೊತ್ತಿತ್ತು.

ಯಾರು ನಿಮಗೆ ಅಷ್ಟು ಬಳಿಯಲು ಹೇಳಿದ್ದು ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡೆ. ವಿಭೂತಿ ಹಚ್ಚಬೇಡಿ ಎಂದು ಒಂದು ಊರಿಗೆ ಹೇಳಬಹುದು, ಮಾಸ್ತರು ತಿರುಗುವ ಊರೂರಿಗೆಲ್ಲ ಹೇಳಿಕೊಂಡು ಬರಲಾದೀತೇ? ಹಚ್ಚುವವರು ಹಚ್ಚಿಯೇ ಹಚ್ಚುತ್ತಾರೆ. ಬದಲಾಗಬೇಕಾದ್ದು ನನ್ನ ಕುರ್ಚಿ.

ಬಿಚ್ಚಿದ ನಾಲಗೆಯನ್ನು ಗೌಡರ ಅಂಗೈಯಲ್ಲಿ ಇಟ್ಟೆ. “ಶಕುನ ಅಲ್ಲ ಗೌಡ್ರ, ಇದು ಬೂದಿ. ಗಾಳಿ ಕಿಂಡಿ ನಾನು ಇಡಬಾರದ ಜಾಗದಾಗ ಇಟ್ಟೀನಿ. ಮಾಸ್ತರ್ರ ಕೈಯಾಗ ತಪ್ಪಿಲ್ಲ. ಬರೋ ಸೋಮವಾರ ತಕ ವೀಳ್ಯ ಯಾರಿಗೂ ಕೊಡಬ್ಯಾಡ್ರಿ.”

ಗೌಡರು ಆ ಹಿತ್ತಾಳೆ ತುಂಡನ್ನು ಹೊರಳಿಸಿ ನೋಡಿದರು, ಊದಿದರು, ಅದು ಸಣ್ಣಗೆ ಉಲಿಯಿತು. “ಆತು, ಸೋಮವಾರ ಅಂದ್ರ ಸೋಮವಾರ” ಎಂದರು.

ಕೊಟ್ಟೂರಿಗೆ ಬಂದು ಒಂದೊಂದೇ ನಾಲಗೆಯ ಸಂದಿಯಲ್ಲಿ ತೆಳು ಕಾಗದ ಎಳೆದು ಬೂದಿ ತೆಗೆದೆ. ಹಿಂದಿನ ಕಿಂಡಿಗಳನ್ನು ಮುಚ್ಚಿ, ಆಸನದ ಅಡಿಯಲ್ಲಿ ನೆಲಕ್ಕೆ ಮುಖ ಮಾಡಿ ಹೊಸವನ್ನು ಕೊರೆದೆ. ಅವಕ್ಕೆ ಹಳೆಯ ಧೋತರದ ಬಟ್ಟೆ ಎರಡು ಪದರ ಬಿಗಿದೆ. ಬೆನ್ನುಹಲಗೆಯ ಹಿಂದೆ ತಿದಿಗಳು ಕಾಣದಂತೆ ನುಣ್ಣಗಿನ ಹಲಗೆಯೊಂದನ್ನು ಹೊಡೆದು ವಾರ್ನಿಶ್ ಹಚ್ಚಿದೆ. ಅದು ಗಾಳಿಗಲ್ಲ, ವಿಭೂತಿಗೆಂದೇ ಮಾಡಿದ ಜಾಗ.

ಸೋಮವಾರ ಅದೇ ಕಟ್ಟೆ, ಅದೇ ಮಂದಿ. ಗೌಡರು ಈ ಸಲ ಅಂಜುತ್ತ ಬೆರಳ ತುದಿಯಲ್ಲಿ ಚೂರೇ ಚೂರು ವಿಭೂತಿ ತೆಗೆದುಕೊಂಡರು.

“ಹಂಗ್ಯಾಕ್ರಿ ಗೌಡ್ರ? ಕೈ ತುಂಬ ಹಚ್ರಿ!” ಎಂದೆ. ನನ್ನ ದನಿಯಲ್ಲಿದ್ದ ಸೊಕ್ಕು ನನಗೇ ಕೇಳಿಸಿತು. ಇರಲಿ, ಅದನ್ನು ನಾನು ದುಡಿದು ಗಳಿಸಿದ್ದೆ.

ಅವರು ಕೈತುಂಬ ಹಚ್ಚಿದರು. ಮಾಸ್ತರು ಒರಗಿದರು. ನಾಂದಿ ಪದ ಮೇಲಿನ ಮನೆಗಳಿಗೆ ಹತ್ತಿತು, ಅಲ್ಲಿ ನಿಂತಿತು, ಇನ್ನೂ ಮೇಲಕ್ಕೆ ಹೋಯಿತು. ರಾಜನ ಪಾತ್ರಕ್ಕೆ ನಿಂತಿದ್ದವನು ಹುರುಪಿನಿಂದ ತನ್ನ ಹಾಡು ಎತ್ತಿಕೊಂಡು ಎರಡನೇ ಸಾಲಿಗೇ ಸ್ವರ ಬಿಟ್ಟ. ಮಾಸ್ತರು ಬೆನ್ನನ್ನು ದಬಕ್ಕನೆ ಹಿಂದಕ್ಕೆ ಒತ್ತಿ, ಪೇಟಿಯ ಒಂದೇ ನಾದದಲ್ಲಿ ಅವನ ಬಾಯಿ ಮುಚ್ಚಿಸಿದರು. “ಲೇ, ಸಿಂಹಾಸನ ಆಮ್ಯಾಲೆ ಏರೂವಂತಿ, ಮೊದ್ಲು ಸ್ವರಕ್ಕ ಬಾ!” ಕಟ್ಟೆಯೆಲ್ಲ ನಕ್ಕಿತು. ಗೌಡರು ನಗುತ್ತಲೇ ತಟ್ಟೆ ತರಿಸಿ, ಎಲೆ ಅಡಿಕೆ ಇಟ್ಟು, ಎರಡೂ ಕೈಯಿಂದ ವೀಳ್ಯ ಕೊಟ್ಟರು. ಮಾಸ್ತರು ಅದನ್ನು ಕಣ್ಣಿಗೊತ್ತಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಆ ವರ್ಷದ ನಾಟಕಗಳೆಲ್ಲ ಮುಗಿದ ಮೇಲೆ ಮಾಸ್ತರು ಪೇಟಿ ತೋರಿಸಲು ಕೊಟ್ಟೂರಿಗೆ ಬಂದರು. ಜೊತೆಗೆ ನೀಲಗುಂದದ ಕಡೆಯ ಇನ್ನೊಬ್ಬ ಪೇಟಿ ಮಾಸ್ತರನಿದ್ದ. ಗಟ್ಟಿಮುಟ್ಟಾದ ಆಳು, ಬಸ್ಸು ನಿಲ್ಲುವ ಮೊದಲೇ ಹಾರಿ ಇಳಿದಿದ್ದ.

“ನನಗೂ ಇಂಥದ್ದೊಂದು ಮಾಡಿಕೊಡ್ರಿ” ಎಂದ.

ನಾನು ಅವನ ಎರಡೂ ಕಾಲು ನೋಡಿದೆ. “ನಿಮಗೇನ್ರಿ ಕಡಿಮಿ? ತುಳಿಯಾಕ ಕಾಲು ಅದಾವಲ್ಲ.”

“ಅದಾವ್ರಿ. ಆದ್ರ ತೆಲಿಗ್ಯಾಗ ಇವರ ನಾಟಕ ಕೇಳೀನಿ. ನನ್ನ ಕಾಲಿಗೆ ಅಷ್ಟು ಬರಂಗಿಲ್ಲ.”

ಅಲ್ಲಿಯವರೆಗೆ ನಾನು ಒಂದು ಕಾಲಿನ ಕೊರತೆ ತುಂಬಿದ್ದೇನೆ ಎಂದುಕೊಂಡಿದ್ದೆ. ಕೊರತೆಯೇ ಇಲ್ಲದವನು ಬಂದು ಕೇಳಿದಾಗ, ಮುಂಚೆ ಇಲ್ಲದ ಸಾಮಾನೊಂದು ನನ್ನ ಕೈಯಿಂದ ಹುಟ್ಟಿದೆ ಎಂದು ಗೊತ್ತಾಯಿತು. ಮಾಸ್ತರ ಕಡೆ ನೋಡಿದೆ. ಅವರ ಮುಖದಲ್ಲಿ ನನಗಿಂತ ಹೆಚ್ಚಿನ ಹೆಮ್ಮೆ ಇತ್ತು.

“ಮಾಡಿಕೊಡು ತಮ್ಮಾ,” ಎಂದರು, “ಆದ್ರ ನನ್ನ ಅಳತಿಗೆ ಮಾಡಬ್ಯಾಡ.”

ಗೊತ್ತಿತ್ತು. ಬೆಂಚನ್ನು ಗೋಡೆಗೆ ಸರಿಸಿ ಆ ಗಟ್ಟಿ ಆಳಿಗೆ ಕೂರಲು ಹೇಳಿದೆ. “ಒಂದು ಪದ ಹಾಡ್ರಿ. ಮೊದಲು ನಿಮ್ಮ ಬೆನ್ನು ನೋಡ್ತೀನಿ.”